ಕಾರ್ವೆಟ್ ಯಾರ ಕಾಪಿ? ಇದೇ ಕೊನೇ ಸಲ ಹೇಳೋದು

ಹಳೇ ಅಮೆರಿಕನ್ ಕಾರುಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ಷೆವರ್ಲೆ ಕಾರ್ವೆಟ್ ಜಾಗ್ವಾರ್ ಕಾಪಿ ಅಲ್ವಾ?" ಹೆಸರಿಗೆ ಪ್ರಶ್ನೆ. ತೀರ್ಪು ಆಗಲೇ ಆಗಿರುತ್ತದೆ, ನಾನು ತಲೆಯಾಡಿಸಬೇಕು ಅಷ್ಟೇ. ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗ ಪಕ್ಕದವರೂ ಇದನ್ನೇ ಕೇಳಿದರು. ನಾನು ಹಾರ್ಲಿ ಅರ್ಲ್ ಹೆಸರು ಎತ್ತುವಷ್ಟರಲ್ಲಿ ಅವರು ಸಾರು ಬಡಿಸುವವನನ್ನು ಕರೆಯುತ್ತಿದ್ದರು. ಬಾಯಲ್ಲಿ ಹೇಳುವುದು ಸಾಕಾಗಿದೆ. ಬರೆದೇ ಇಡುತ್ತೇನೆ.

ಹೌದು ಸ್ವಾಮಿ, ಆಸೆ ಹುಟ್ಟಿದ್ದು ಯುರೋಪಿನ ಕಾರು ನೋಡಿಯೇ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರಿಗೆ ಇಂಗ್ಲೆಂಡಿನ ಎಂಜಿ ಕಾರುಗಳ ರುಚಿ ಹತ್ತಿತ್ತು. ಆಮೇಲೆ ಜಾಗ್ವಾರ್ ಎಕ್ಸ್‌ಕೆ120 ಬಂತು. ಷೆವರ್ಲೆಯ ಮಾತೃ ಕಂಪನಿ ಜನರಲ್ ಮೋಟರ್ಸ್‌ನ ಡಿಸೈನ್ ಮುಖ್ಯಸ್ಥ ಹಾರ್ಲಿ ಅರ್ಲ್‌ಗೂ ಇಂಥದ್ದೊಂದು ಮಾಡಬೇಕು ಅನ್ನಿಸಿತು. ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ) ಎರಡೂ ಕಾರಿಗೆ 102 ಇಂಚು. ತಗೊಳ್ಳಿ, ನಿಮ್ಮ ಸಾಕ್ಷಿ ನಾನೇ ಕೊಟ್ಟೆ.

ಈಗ ಕಾರ್ವೆಟ್‌ನ ಬಾನೆಟ್ ಎತ್ತಿ ನೋಡಿ. ಒಳಗಿರುವುದು ಷೆವರ್ಲೆಯ ಮಾಮೂಲಿ ಸಂಸಾರದ ಕಾರಿನ ಆರು ಸಿಲಿಂಡರ್ ಎಂಜಿನ್. ಮೂರು ಕಾರ್ಬುರೇಟರ್ ಹಾಕಿ, ಹಿಂಡಿ ಹಿಂಡಿ 150 ಅಶ್ವಶಕ್ತಿ ತೆಗೆದಿದ್ದರು. ಗೇರ್ ಎರಡೇ, ಅದೂ ಆಟೊಮ್ಯಾಟಿಕ್. ಜಾಗ್ವಾರ್‌ಗೆ ನಾಲ್ಕು ಗೇರ್, ಮ್ಯಾನ್ಯುಯಲ್. ಕಾಪಿ ಹೊಡೆಯುವವನು ಇಷ್ಟು ಕೆಟ್ಟದಾಗಿ ಹೊಡೆಯುತ್ತಾನಾ?

ಬಾಡಿಯಂತೂ ಫೈಬರ್‌ಗ್ಲಾಸ್. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆದ ಕಂಪನಿಯ ಕಾರು ಮೇಳ ಮೋಟೊರಾಮಾದಲ್ಲಿ ಬರೀ ಪ್ರದರ್ಶನಕ್ಕೆ ಇಟ್ಟಿದ್ದ ಕಾರು, ಜೂನ್ 30ಕ್ಕೆ ಮಿಷಿಗನ್‌ನ ಫ್ಲಿಂಟ್‌ನಲ್ಲಿ ತಯಾರಾಗಿ ಹೊರಬಂತು. ಉಕ್ಕಿನ ತಗಡಿಗೆ ಅಚ್ಚು ಮಾಡಿಸುತ್ತಾ ಕೂತಿದ್ದರೆ ಇದು ಆಗುತ್ತಿರಲಿಲ್ಲ. ನನಗೆ ಜಾಸ್ತಿ ಇಷ್ಟ ಅದರ ರೇಡಿಯೊ ಆಂಟೆನಾ. ಫೈಬರ್‌ಗ್ಲಾಸ್ ರೇಡಿಯೊ ಅಲೆಗಳನ್ನು ತಡೆಯುವುದಿಲ್ಲ, ಹಾಗಾಗಿ ಡಿಕ್ಕಿ ಮುಚ್ಚಳದ ಒಳಗೇ ಲೋಹದ ಜಾಲರಿ ಹುದುಗಿಸಿಬಿಟ್ಟರು. ಹೊರಗೆ ಕಡ್ಡಿಯೇ ಇಲ್ಲ! ಇಷ್ಟು ತಲೆ ಓಡಿಸಿದವರು ಬಾಗಿಲಿಗೆ ಹೊರಗಡೆ ಹ್ಯಾಂಡಲ್ ಇಡಲಿಲ್ಲ. ಕೈ ಒಳಗೆ ತೂರಿಸಿ ತೆಗೆಯಬೇಕು. ಏರಿಸಿ ಇಳಿಸುವ ಗಾಜೂ ಇಲ್ಲ, ಮಳೆ ಬಂದರೆ ಪರದೆಯಂಥದ್ದನ್ನು ಸಿಕ್ಕಿಸಿಕೊಳ್ಳಬೇಕು. ಆ ವರ್ಷ ಮಾಡಿದ್ದು 300 ಕಾರು. ಎಲ್ಲವೂ ಹೊರಗೆ ಬಿಳಿ, ಒಳಗೆ ಕೆಂಪು.

ನೀವು ಕೇಳಬೇಕಾದ್ದು ಬೇರೆಯೇ ಇದೆ. ಇಂಥ ಕಾರನ್ನು ಕಂಪನಿ ಯಾಕೆ ನಿಲ್ಲಿಸಲಿಲ್ಲ? ಯಾರೂ ಕೇಳುವುದಿಲ್ಲ, ನಾನೇ ಕೇಳಿಕೊಳ್ಳುತ್ತೇನೆ.

1954ರಲ್ಲಿ 3,640 ಮಾಡಿದರು. ಸಾವಿರಕ್ಕೂ ಜಾಸ್ತಿ ಕಾರು ಮಾರಾಟವಾಗದೆ ಉಳಿದವು. 1955ರಲ್ಲಿ ಮಾಡಿದ್ದು ಬರೀ 700. ಯಾವ ಲೆಕ್ಕದಲ್ಲಿ ನೋಡಿದರೂ ಕಥೆ ಮುಗಿದಿತ್ತು. 1955ರ ಮಾಡೆಲ್ ಅಂತ ಫೋರ್ಡ್ ಎರಡು ಸೀಟಿನ ಥಂಡರ್‌ಬರ್ಡ್ ತಂದಿತು, 16,000ಕ್ಕೂ ಜಾಸ್ತಿ ಮಾರಿತು. ಈಗ ಕೈಬಿಟ್ಟರೆ ಫೋರ್ಡ್ ಮುಂದೆ ಸೋತ ಹಾಗೆ ಅಲ್ವಾ? ಇನ್ನೊಂದು ಕಡೆ ಜೋರಾ ಆರ್ಕಸ್-ಡಂಟೊವ್ ಅನ್ನುವ ಎಂಜಿನಿಯರ್ ಇದ್ದ. ಬೆಲ್ಜಿಯಂನಲ್ಲಿ ಹುಟ್ಟಿದ ರಷ್ಯನ್. ಮೋಟೊರಾಮಾದಲ್ಲಿ ಕಾರ್ವೆಟ್ ನೋಡಿ ಮರುಳಾಗಿ, ಅದೇ ವರ್ಷ ಕಂಪನಿ ಸೇರಿಕೊಂಡಿದ್ದ. ವೇಗದ ಹುಚ್ಚಿನ ಹುಡುಗರನ್ನು ಷೆವರ್ಲೆ ಕಡೆ ಎಳೆಯುವುದು ಹೇಗೆ ಅಂತ 1953ರ ಡಿಸೆಂಬರ್‌ನಲ್ಲೇ ಮೇಲಿನವರಿಗೆ ಪತ್ರ ಬರೆದಿದ್ದ. 1955ರಲ್ಲಿ ಷೆವರ್ಲೆಯ ಹೊಸ ಎಂಟು ಸಿಲಿಂಡರ್ ವಿ8 ಎಂಜಿನ್ ಕಾರ್ವೆಟ್‌ಗೂ ಬಂತು. 150 ಇದ್ದದ್ದು 195 ಅಶ್ವಶಕ್ತಿ ಆಯಿತು. ಮರುವರ್ಷ ಬಾಗಿಲಿಗೆ ಹೊರಗಡೆ ಹ್ಯಾಂಡಲ್ಲೂ ಬಂತು, ದೇವರ ದಯೆ.

ಆ ಥಂಡರ್‌ಬರ್ಡ್ 1958ಕ್ಕೆ ನಾಲ್ಕು ಸೀಟಿನ ಕಾರಾಯಿತು. ಕಾರ್ವೆಟ್ ಎರಡೇ ಸೀಟಿನಲ್ಲಿ ಉಳಿಯಿತು.