ಕೋಟು ಬಿಟ್ಟು ಹೋದ ಮೂರನೆಯವನು

ದ್ವೀಪದ ಮೇಲೊಂದು ಕಾದಂಬರಿ ಬರೀತಿದ್ದೀನಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ‘ದಾವಣಗೆರೆಯಲ್ಲಿ ಸಮುದ್ರ ಎಲ್ಲಿದೆ?’ ಇಲ್ಲ, ನಿಜ. ಆದರೆ ಗಾಳಿ, ಬಂಡೆ, ಕತ್ತಲೆ, ಅದರ ನಡುವೆ ಒಂಟಿ ಗುಡಿ ಬೇಕು ಅಂದರೆ ಒಂದು ಬಸ್ಸು ಹತ್ತಿದರೆ ಸಾಕು, ಚಿತ್ರದುರ್ಗ ಸಿಗುತ್ತದೆ. ಶ್ರಾವಣದ ಒಂದು ಭಾನುವಾರ ಬರೆದಷ್ಟು ಪುಟಗಳನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಗೆಳತಿಯ ಮನೆ ಕೋಟೆಯ ಕೆಳಗೇ ಇದೆ. ಬೆಳಿಗ್ಗೆ ಚಂದ್ರವಳ್ಳಿ ನೋಡುವುದು, ಮಧ್ಯಾಹ್ನ ಅವಳ ಮನೆಯಲ್ಲಿ ಕೂತು ಒಂದು ಅಧ್ಯಾಯ ಓದುವುದು ಅಂತ ಮಾತಾಗಿತ್ತು.

ನನ್ನ ಕಥೆಗೆ ಬೀಜವಾದದ್ದು ನಿಜವಾಗಿ ನಡೆದ ಘಟನೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಲೂಯಿಸ್ ಅನ್ನುವ ದೊಡ್ಡ ದ್ವೀಪ ಇದೆ. ಅಲ್ಲಿಂದ ಇನ್ನೂ ಸುಮಾರು 32 ಕಿಲೋಮೀಟರ್ ಸಮುದ್ರದೊಳಗೆ ಹೋದರೆ ಫ್ಲಾನನ್ ದ್ವೀಪಗಳು. ಅವುಗಳಲ್ಲಿ ದೊಡ್ಡದು ಐಲನ್ ಮೋರ್. ದೊಡ್ಡದು ಅಂದರೂ ಬರೀ 39 ಎಕರೆ, ನಮ್ಮ ಕಡೆ ಒಬ್ಬ ಅನುಕೂಲಸ್ಥ ರೈತನ ಹೊಲದಷ್ಟು. ಸುತ್ತಲೂ ಕಡಿದಾದ ಬಂಡೆ. 1899ರ ಡಿಸೆಂಬರಿನಲ್ಲಿ ಅಲ್ಲಿ ದೀಪಸ್ತಂಭ ಮೊದಲ ಸಲ ಬೆಳಗಿತು. ಒಂದೇ ವರ್ಷ. 1900ರ ಡಿಸೆಂಬರ್ 15ರ ರಾತ್ರಿ ಆ ದಾರಿಯಲ್ಲಿ ಹೋದ ಹಡಗಿನವರಿಗೆ ದೀಪ ಕಾಣಲಿಲ್ಲ. ಹವಾಮಾನ ಕೆಟ್ಟಿದ್ದರಿಂದ ಬದಲಿ ಕಾವಲುಗಾರನನ್ನು ಹೊತ್ತ ಹೆಸ್ಪರಸ್ ಹಡಗು ತಡವಾಗಿ, 26ರಂದು ದ್ವೀಪ ಮುಟ್ಟಿತು. ಮೂವರು ಕಾವಲುಗಾರರಲ್ಲಿ ಒಬ್ಬರೂ ಇರಲಿಲ್ಲ. ಹೆಣವೂ ಸಿಗಲಿಲ್ಲ.

ದೀಪಸ್ತಂಭದ ಪಕ್ಕದಲ್ಲೇ ಕಲ್ಲಿನ ಒಂದು ಪುಟಾಣಿ ಪ್ರಾರ್ಥನಾ ಮಂದಿರ ಇದೆ. ಸಂತ ಫ್ಲಾನನ್ನನ ಹೆಸರಿನದು. ಲೂಯಿಸ್ ದ್ವೀಪದ ಜನ ಹಕ್ಕಿ ಬೇಟೆಗೆ ಅಲ್ಲಿಗೆ ಹೋಗುತ್ತಿದ್ದರಂತೆ. ಮಾರ್ಟಿನ್ ಮಾರ್ಟಿನ್ ಅನ್ನುವ ಪ್ರವಾಸಿ 1703ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವರ ನೇಮಗಳನ್ನು ಬರೆದಿಟ್ಟಿದ್ದಾನೆ. ದಡ ಹತ್ತಿದ ಕೂಡಲೇ ಟೊಪ್ಪಿ ತೆಗೆದು, ಸೂರ್ಯ ಸುತ್ತುವ ದಿಕ್ಕಿನಲ್ಲಿ ಒಂದು ಸುತ್ತು ತಿರುಗಿ, ಕ್ಷೇಮವಾಗಿ ತಲುಪಿಸಿದ್ದಕ್ಕೆ ದೇವರಿಗೆ ಕೈಮುಗಿಯುವುದು. ಮಂದಿರ ಹತ್ತಿರ ಬಂದಾಗ ಮೇಲಂಗಿ ಕಳಚಿ ಕಲ್ಲಿನ ಮೇಲಿಡುವುದು. ಮೊಣಕಾಲಲ್ಲಿ ತೆವಳುತ್ತಾ ಒಂದು ಪ್ರಾರ್ಥನೆ, ಮಂದಿರ ಸುತ್ತುತ್ತಾ ಇನ್ನೊಂದು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಬಲಗಡೆಯಿಂದ ಪ್ರದಕ್ಷಿಣೆ, ಅಂಗಿ ಕಳಚುವುದು, ಹರಕೆಗೆ ಮೊಣಕಾಲು ಸವೆಸುವುದು, ಯಾವುದೂ ನಮಗೆ ಹೊಸದಲ್ಲ ಅಲ್ವಾ? ಆ ಪುಟ ಓದಿದ ಮೇಲೆ ಆ ದ್ವೀಪ ನನಗೆ ಪರದೇಶ ಅನಿಸಲೇ ಇಲ್ಲ.

ಚಂದ್ರವಳ್ಳಿಯಲ್ಲಿ ಆವತ್ತು ಜಿಟಿಜಿಟಿ ಮಳೆ. ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಕೆರೆಯ ವಿಚಾರದ್ದು. ಅದನ್ನು ನೋಡಿಕೊಂಡು ಅಂಕಲಿ ಮಠದ ಗುಹೆಗೆ ಇಳಿದೆವು. ಒಳಗೆ ಗೈಡ್ ಇಲ್ಲದೆ ಹೋಗಬಾರದು, ಹೋಗಲೂ ಆಗದು. ಬಂಡೆಗಳ ಸಂದಿಯಲ್ಲಿ ಮೆಟ್ಟಿಲು ಇಳಿದಂತೆ ಬೆಳಕು ಹಿಂದೆ ಉಳಿಯುತ್ತದೆ. ಬಗ್ಗಿ ನಡೆಯುವ ಜಾಗ, ಆಮೇಲೆ ಒಂದು ಕೋಣೆ, ಅಲ್ಲಿಂದ ಇನ್ನೊಂದು. ಪೂಜೆಗೆ ಒಂದು, ಮಲಗಲು ಒಂದು, ನೀರು ಹರಿದು ಹೋಗಲು ಕಾಲುವೆ. ಬಾವಲಿ ವಾಸನೆ. ಗೋಡೆ ಮುಟ್ಟಿದರೆ ತಣ್ಣಗೆ, ಬೆವರಿದ ಹಾಗೆ.

ಒಂದು ಕೋಣೆಯಲ್ಲಿ ಗೈಡ್ ನಿಂತರು. ‘ಒಂದ್ನಿಮಿಷ ಬ್ಯಾಟರಿ ಆರಿಸ್ತೀನಿ, ಹೆದರ್ಬೇಡಿ’ ಅಂದರು. ಆರಿಸಿದರು.

ಅಂಥ ಕತ್ತಲೆ ನಾನು ನೋಡಿರಲಿಲ್ಲ. ಕರೆಂಟು ಹೋದಾಗಿನ ಕತ್ತಲೆಗೆ ಕಿಟಕಿಯಾದರೂ ಇರುತ್ತದೆ. ಇಲ್ಲಿ ಕಣ್ಣು ಬಿಟ್ಟರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಗೆಳತಿ ನನ್ನ ಮುಂಗೈ ಹಿಡಿದಿದ್ದಳು. ಅವಳ ಬಳೆ ಚರ್ಮಕ್ಕೆ ಒತ್ತುತ್ತಿತ್ತು. ಬ್ಯಾಟರಿ ಮತ್ತೆ ಹತ್ತಿದಾಗ ಮೊದಲು ಕಂಡದ್ದು ಗೋಡೆಯಲ್ಲಿ ಕೊರೆದ ಒಂದು ಗೂಡು. ಅದರ ಮೇಲಂಚಿಗೆ ಎಣ್ಣೆಯ ಕರಿ ಹಿಡಿದಿತ್ತು. ಯಾರೋ ಇಲ್ಲಿ ದೀಪ ಇಡುತ್ತಿದ್ದರು. ಇಲ್ಲಿ ಕೂತವರಿಗೆ ಕತ್ತಲೆ ಶಿಕ್ಷೆ ಆಗಿರಲಿಲ್ಲ. ಅವರೇ ಹುಡುಕಿಕೊಂಡು ಬಂದು, ತಪಸ್ಸಿಗೆ ಅಂತ ಆರಿಸಿಕೊಂಡ ಜಾಗ ಇದು.

ನನ್ನ ಬ್ಯಾಗಿನಲ್ಲಿ ಕಥೆಯ ಎರಡು ದಾರಿಗಳಿದ್ದವು. ಒಂದರಲ್ಲಿ ದ್ವೀಪಕ್ಕೆ ಬಂದ ಒಬ್ಬ ಪಾದ್ರಿ ಇದ್ದ. ಭಕ್ತಿ ತಲೆಗೇರಿ, ಕಾವಲುಗಾರರನ್ನು ಪಾಪಿಗಳೆಂದು ನಂಬಿ ಕೊಲ್ಲುವವನು. ಗೆಳತಿಗೆ ಅದೇ ಇಷ್ಟ. ಇಂಥ ಕಥೆಗಳಲ್ಲಿ ದೇವರ ಮನುಷ್ಯನೇ ದೆವ್ವ ಆಗುವುದು ಹಳೇ ರೂಢಿ, ಓದುಗರು ಅದನ್ನೇ ಕಾಯುತ್ತಿರುತ್ತಾರೆ. ಇನ್ನೊಂದು ದಾರಿಯಲ್ಲಿ ಪಾದ್ರಿ ಇಲ್ಲ, ಕೊಲೆಯೂ ಇಲ್ಲ. ಮೂವರು ಮನುಷ್ಯರು, ಒಂದು ಮಧ್ಯಾಹ್ನ. ಗುಹೆಯಿಂದ ಮೇಲೆ ಬರುವಾಗ ನನ್ನ ಮನಸ್ಸು ಎರಡನೇ ದಾರಿಯ ಕಡೆ ವಾಲಿತ್ತು. ನಂಬಿಕೆಯನ್ನು ಹೆದರಿಸುವ ಸಾಮಾನು ಮಾಡಿಕೊಂಡರೆ ಆ ಗೂಡಿನ ಕರಿಗೆ ನಾನು ಏನು ಉತ್ತರ ಕೊಡಲಿ?

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಊಟ ಆದ ಮೇಲೆ ನಡುಮನೆಯಲ್ಲಿ ಓದಲು ಕೂತೆ. ಗೆಳತಿಯ ಅಮ್ಮ ಗೋಡೆಗೆ ಒರಗಿ, ಮೊರದಲ್ಲಿ ಅಕ್ಕಿ ಹಾಕಿಕೊಂಡು ಆರಿಸುತ್ತಾ ಕೇಳುತ್ತಿದ್ದರು. ಅವರು ಓದುವುದು ಕಡಿಮೆ, ಕೇಳುವುದು ಜಾಸ್ತಿ. ಕೇಳುವಾಗ ಒಂದು ಕಲ್ಲನ್ನೂ ಬಿಡುವುದಿಲ್ಲ.

ಹೆಸ್ಪರಸ್ಸಿನಿಂದ ಇಳಿದ ಕಾವಲುಗಾರ ಜೋಸೆಫ್ ಮೂರ್ ಒಬ್ಬನೇ ಮೇಲೆ ಹತ್ತಿ ಹೋಗುವ ಭಾಗ ಓದಿದೆ. ಗೇಟು ಮುಚ್ಚಿತ್ತು. ಹೊರಬಾಗಿಲು ಮುಚ್ಚಿತ್ತು. ಅಡುಗೆಮನೆಯ ಬಾಗಿಲು ಮಾತ್ರ ತೆರೆದಿತ್ತು. ಒಲೆ ಹತ್ತಿಸಿ ಎಷ್ಟೋ ದಿನ ಆಗಿತ್ತು. ಹಾಸಿಗೆಗಳು ಬೆಳಿಗ್ಗೆ ಎದ್ದು ಹೋದ ಹಾಗೇ ಇದ್ದವು. ದೀಪ ಒರೆಸಿ, ಎಣ್ಣೆ ತುಂಬಿಸಿ, ರಾತ್ರಿಗೆ ಸಿದ್ಧ ಮಾಡಿಟ್ಟಿದ್ದರು. ಪಾತ್ರೆಗಳು ಚೊಕ್ಕಟವಾಗಿದ್ದವು.

‘ಪಾತ್ರೆ ತೊಳೆದಿಟ್ಟಿದ್ದರಾ?’ ಅಮ್ಮ ಕೈ ನಿಲ್ಲಿಸಿದರು.

‘ಹೌದಮ್ಮ.’

‘ಹಂಗಾರೆ ಅವರು ಹೆದರಿ ಓಡಿದೋರಲ್ಲ. ಊಟ ಮುಗಿಸಿ, ತೊಳೆದಿಟ್ಟು, ಕೆಲಸಕ್ಕೆ ಎದ್ದೋರು.’

1912ರಲ್ಲಿ ಇಂಗ್ಲಿಷ್ ಕವಿ ವಿಲ್ಫ್ರಿಡ್ ಗಿಬ್ಸನ್ ಈ ಘಟನೆಯ ಮೇಲೆ ಕವನ ಬರೆದ. ಅದರಲ್ಲಿ ಮೇಜಿನ ಮೇಲೆ ಮುಟ್ಟದ ಊಟ ಇದೆ, ಉರುಳಿಬಿದ್ದ ಕುರ್ಚಿ ಇದೆ. ಜಗತ್ತಿಗೆಲ್ಲ ನೆನಪಿರುವುದು ಆ ಕುರ್ಚಿ, ಆ ಊಟ. ತೊಳೆದ ಪಾತ್ರೆ ಯಾರಿಗೂ ನೆನಪಿಲ್ಲ. ಆಮೇಲೆ ಯಾರೋ ಒಂದು ದಿನಚರಿಯನ್ನೂ ಹುಟ್ಟಿಸಿದರು. ಕಾವಲುಗಾರರು ಅಳುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಕೊನೆಯ ಸಾಲಿನಲ್ಲಿ ‘ದೇವರು ಎಲ್ಲದರ ಮೇಲಿದ್ದಾನೆ’ ಅಂತ ಬರೆದರು ಅಂತೆಲ್ಲ. ಅದು ಕಟ್ಟುಕಥೆ. ಗೆಳತಿ ‘ಆ ಸಾಲು ಬಿಡಬೇಡ್ವೇ, ಅದೇ ಮೈ ನಡುಗಿಸೋದು’ ಅಂದಳು. ನಾನು ಒಪ್ಪಲಿಲ್ಲ. ಸತ್ತವರ ಬಾಯಲ್ಲಿ ಆಡದ ಪ್ರಾರ್ಥನೆ ತುರುಕುವುದು ನನಗೆ ಆಗದು. ಅವರ ನಿಜವಾದ ಕೊನೆಯ ಬರಹ ಇದ್ದದ್ದು ಒಂದು ಸ್ಲೇಟಿನ ಮೇಲೆ. 15ರ ಬೆಳಿಗ್ಗೆ 9 ಗಂಟೆಯವರೆಗೆ ಹವಾಮಾನದ ವಿವರ, ಅಷ್ಟೇ.

ತನಿಖೆಗೆ ಬಂದ ಮೇಲ್ವಿಚಾರಕ ರಾಬರ್ಟ್ ಮ್ಯೂರ್‌ಹೆಡ್ ಪಶ್ಚಿಮದ ಇಳಿದಾಣ ನೋಡಿದ. ಸಮುದ್ರದಿಂದ ಸುಮಾರು 33 ಮೀಟರ್ ಎತ್ತರದಲ್ಲಿ ಹಗ್ಗ ಇಡುತ್ತಿದ್ದ ಪೆಟ್ಟಿಗೆ ಕೊಚ್ಚಿಹೋಗಿತ್ತು, ಹಗ್ಗಗಳು ಚೆಲ್ಲಾಪಿಲ್ಲಿಯಾಗಿದ್ದವು. ಕಬ್ಬಿಣದ ಕಂಬಿ ಬಾಗಿತ್ತು. ಸುಮಾರು 60 ಮೀಟರ್ ಎತ್ತರದ ಬಂಡೆಯ ತುದಿಯಲ್ಲೂ ಹುಲ್ಲು ಕಿತ್ತು ಬಂದಿತ್ತು. ಹಗ್ಗ ಭದ್ರ ಮಾಡಲು ಇಳಿದವರನ್ನು ದೊಡ್ಡ ಅಲೆ ಎಳೆದುಕೊಂಡು ಹೋಗಿರಬೇಕು ಅಂತ ಅವನ ವರದಿ.

ಜೇಮ್ಸ್ ಡುಕಾಟ್, ಥಾಮಸ್ ಮಾರ್ಷಲ್ ಇಬ್ಬರೂ ಬೂಟು ಹಾಕಿ, ಮಳೆಯ ಉಡುಪು ತೊಟ್ಟು ಹೋಗಿದ್ದರು. ಮೂರನೆಯವನ ಕೋಟು ಮಾತ್ರ ಗೂಟದಲ್ಲೇ ನೇತಾಡುತ್ತಿತ್ತು. ಡಿಸೆಂಬರ್ ತಿಂಗಳು, ಉತ್ತರ ಅಟ್ಲಾಂಟಿಕ್, ಬಿರುಗಾಳಿ. ಅಂಥದರಲ್ಲಿ ಅವನು ಬರೀ ಅಂಗಿಯಲ್ಲಿ ಹೊರಗೆ ಹೋಗಿದ್ದ. ಅವನು ಕಾಯಂ ನೌಕರನೂ ಅಲ್ಲ. ಕಾಯಿಲೆ ರಜೆಯಲ್ಲಿದ್ದ ಇನ್ನೊಬ್ಬರ ಬದಲಿಗೆ ಬಂದವನು. ದೀಪಸ್ತಂಭ ಬಿಟ್ಟು ಮೂವರೂ ಒಟ್ಟಿಗೆ ಹೋಗುವಂತಿರಲಿಲ್ಲ, ಒಬ್ಬ ಒಳಗೆ ಇರಲೇಬೇಕು. ಹಾಗಿದ್ದೂ ಅವನು ಯಾಕೆ ಹೋದ ಅನ್ನುವುದಕ್ಕೆ ಸಾಕ್ಷಿ ಇಲ್ಲ. ಕಾದಂಬರಿಗೆ ಉಳಿದಿರುವ ಜಾಗ ಅದೊಂದೇ.

‘ಕಾವಲು ಬಿಟ್ಟು ಹೋದದ್ದು ತಪ್ಪಲ್ವಾ ಅಮ್ಮ?’ ಅಂತ ಗೆಳತಿ ಕೇಳಿದಳು. ನನ್ನನ್ನು ಕೇಳದೆ ಅಮ್ಮನನ್ನೇ ಕೇಳಿದಳು.

ಅಮ್ಮ ಕಿಟಕಿಯ ಕಡೆ ಕೈ ತೋರಿಸಿದರು. ಅಲ್ಲಿಂದ ಕೋಟೆಯ ಬಂಡೆ ಕಾಣುತ್ತದೆ. ‘ಓಬವ್ವನ್ನ ಯಾರು ಕಾವಲಿಗೆ ಇಟ್ಟಿದ್ದರು? ಕಾವಲು ಗಂಡಂದು. ಅವನು ಊಟಕ್ಕೆ ಬಂದಿದ್ದ. ಇವಳು ನೀರಿಗೆ ಹೋದೋಳು. ಕಿಂಡಿಯಾಗೆ ಹೈದರನ ಸೈನಿಕರ ಸದ್ದು ಕೇಳಿದಾಗ ಉಣ್ಣೋನ್ನ ಎಬ್ಬಿಸಲಿಲ್ಲ, ಕತ್ತಿ ಹುಡುಕಲಿಲ್ಲ. ಒನಕೆ ಸಿಕ್ತು, ಹಿಡಿದ್ಲು. ಈ ಹುಡುಗನಿಗೆ ಕೋಟು ಹಾಕ್ಕೊಳ್ಳೋ ಹೊತ್ತು ಇರಲಿಲ್ಲ. ಅಷ್ಟೇ ಅಲ್ವಾ? ದೀಪ ಹಚ್ಚೋಕೆ ಸಂಜೆ ತನಕ ಟೈಮಿತ್ತು. ಮುಳುಗೋನಿಗೆ ಟೈಮಿರಲಿಲ್ಲ.’

ಅಕ್ಕಿ ಆರಿಸುವುದು ಮತ್ತೆ ಶುರುವಾಯಿತು. ನಾನು ಪೆನ್ನು ತೆಗೆದು ಅಂಚಿನಲ್ಲಿ ಅವರ ಮಾತು ಬರೆದುಕೊಂಡೆ. ಪಾದ್ರಿಯ ಪುಟಗಳನ್ನು ಬೇರೆ ಮಾಡಿ ಗೆಳತಿಯ ಕೈಗೆ ಕೊಟ್ಟೆ, ಬೇಕಾದರೆ ನೀನು ಬರಿ ಅಂತ. ನನ್ನ ಪುಸ್ತಕದಲ್ಲಿ ದೇವರಿದ್ದರೆ ಆ ಬಾಗಿಲು ದಾಟಿದ ಗಳಿಗೆಯಲ್ಲಿ ಇರುತ್ತಾನೆ. ಓದುಗರಿಗೆ ಹೆದರಿಕೆ ಆಗುವುದಾದರೆ ಅಲ್ಲೇ ಆಗಲಿ. ಗೆಳತಿ ಇನ್ನೂ ಒಪ್ಪಿಲ್ಲ. ರಹಸ್ಯ ಇಲ್ಲದ ರಹಸ್ಯ ಕಾದಂಬರಿ ಯಾರು ಓದ್ತಾರೆ ಅನ್ನುವುದು ಅವಳ ವಾದ. ಒಬ್ಬ ಮನುಷ್ಯ ಇನ್ನೊಬ್ಬನಿಗಾಗಿ ಹೊರಗೆ ಓಡುವುದಕ್ಕಿಂತ ದೊಡ್ಡ ರಹಸ್ಯ ನನಗೆ ಗೊತ್ತಿಲ್ಲ ಅಂತ ಹೇಳಿದೆ.

ಹೊರಡುವ ಹೊತ್ತಿಗೆ ಅಮ್ಮ ಕೇಳಿದರು, ‘ಅವನ ಹೆಸರೇನು? ಇಬ್ಬರ ಹೆಸರು ಹೇಳ್ದೆ, ಅವನದ್ದು ಹೇಳಲೇ ಇಲ್ಲ.’

ನಾನು ಬೇಕಂತಲೇ ಬಿಟ್ಟಿದ್ದೆ. ಹೆಸ್ಪರಸ್ಸಿನ ಕ್ಯಾಪ್ಟನ್ ಆವತ್ತು ಕಳಿಸಿದ ತಂತಿಯಲ್ಲಿ ಡುಕಾಟ್, ಮಾರ್ಷಲ್ ಇಬ್ಬರ ಹೆಸರಿದೆ. ಮೂರನೆಯವನಿಗೆ ಹೆಸರೇ ಇಲ್ಲ, ತಾತ್ಕಾಲಿಕ ಕೆಲಸದವನು ಅಂತಷ್ಟೇ. ಆ ತಂತಿಯನ್ನು ಹಾಗೇ ಅಧ್ಯಾಯದ ಕೊನೆಗೆ ಇಟ್ಟಿದ್ದೆ. ಅಮ್ಮನಿಗೆ ಅದು ಸುತರಾಂ ಹಿಡಿಸಲಿಲ್ಲ. ‘ಅವರು ಬರೀಲಿಲ್ಲ ಅಂತ ನೀನೂ ಬಿಡ್ತೀಯಾ?’

ಕಾದಂಬರಿಯಲ್ಲಿ ದ್ವೀಪಕ್ಕೂ ಉಳಿದ ಜನರಿಗೂ ಬೇರೆ ಹೆಸರು ಇಟ್ಟಿದ್ದೇನೆ. ಇವನದ್ದು ಮಾತ್ರ ಬದಲಾಯಿಸುವುದಿಲ್ಲ ಅಂತ ಆಗಲೇ ಹೇಳಿದೆ. ಡೊನಾಲ್ಡ್ ಮೆಕಾರ್ಥರ್. ಹೆಂಡತಿ ಇದ್ದಳು, ಇಬ್ಬರು ಮಕ್ಕಳಿದ್ದರು. ಆ ಮನೆಗೆ ಸುದ್ದಿ ಮುಟ್ಟಿದ ದಿನದ ಅಧ್ಯಾಯವನ್ನು ಈ ವಾರ ಶುರು ಮಾಡಿದ್ದೇನೆ. ಮುಗಿದ ಕೂಡಲೇ ಮತ್ತೆ ದುರ್ಗಕ್ಕೆ ಹೋಗಿ ಅಮ್ಮನ ಮುಂದೆ ಓದಬೇಕು.