ಬೇಲಿಯಲ್ಲೊಂದು ತೂತು

ಸಿದ್ದಾಪುರದ ತೋಟದಲ್ಲಿ ಬೆಳಗ್ಗೆಯಿಂದ ಮಳೆ, ಕರೆಂಟಿಲ್ಲ. ಫೋನ್ ಮಾತ್ರ ಇಪ್ಪತ್ತು ದಿನದಿಂದ ಸೆಕ್ಯುರಿಟಿ ಅಪ್‌ಡೇಟ್ ಹಾಕು ಅಂತ ಗೋಗರೆಯುತ್ತಿದೆ, ನಾನು ನಾಳೆ ನಾಳೆ ಅಂತ ತಳ್ಳುತ್ತಿದ್ದೇನೆ.

ಮೊನ್ನೆ ಸೋಲಾರ್ ಬೇಲಿ ಒಂದು ಕಡೆ ಸಡಿಲವಾಗಿತ್ತು. ಪಕ್ಕದ ತೋಟದವರಿಗೆ ವಾರದ ಹಿಂದೆಯೇ ಗೊತ್ತಿತ್ತಂತೆ, ಆದರೆ ಅವರ ಹಸು ಅಲ್ಲಿಂದಲೇ ನುಸುಳಿ ಮೇಯ್ದು ಹೋಗುತ್ತಿತ್ತಲ್ಲ, ಅದಕ್ಕೆ ಸುಮ್ನಿದ್ದರು. ಆಮೇಲೆ ಆನೆಗೂ ಅದೇ ದಾರಿ ಸಿಕ್ಕಿತು. ಬಂದದ್ದು ಹಲಸಿಗೆ, ಮುರಿದದ್ದು ಹನ್ನೊಂದು ಕಾಫಿ ಗಿಡ.

ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಮಾಡಿದ್ದೂ ಇದೇ ಅಲ್ವಾ? ವಿಂಡೋಸ್‌ನ ಒಂದು ತೂತು ಅವರಿಗೆ ಗೊತ್ತಿತ್ತು. ಕಂಡವರ ಕಂಪ್ಯೂಟರ್‌ಗೆ ಇಣುಕಲು ಬೇಕಲ್ಲ, ಮೈಕ್ರೋಸಾಫ್ಟ್‌ಗೆ ಹೇಳದೆ ಇಟ್ಟುಕೊಂಡರು. ಅದಕ್ಕೆಂದೇ ಮಾಡಿದ ಎಟರ್ನಲ್‌ಬ್ಲೂ ಅನ್ನೋ ಹತಾರ ಕಳ್ಳರ ಕೈಸೇರಿ, 2017ರ ಏಪ್ರಿಲ್‌ನಲ್ಲಿ ಬೀದಿಗೆ ಬಿತ್ತು. ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವಾನ್ನಾಕ್ರೈ ಅನ್ನೋ ವೈರಸ್ ಅದನ್ನೇ ಹಿಡಿದುಕೊಂಡು ಬ್ರಿಟನ್ನಿನ ಆಸ್ಪತ್ರೆಗಳಿಗೂ ನುಗ್ಗಿತು. ಹೊಟ್ಟೆ ಉರಿಯೋದು ಏನಂದರೆ, ಆ ತೂತಿಗೆ ತೇಪೆ, ಅಂದರೆ ಅಪ್‌ಡೇಟ್, ಮಾರ್ಚ್‌ನಲ್ಲೇ ಬಂದಿತ್ತು. ಎಷ್ಟೋ ಜನ ಹಾಕಿಕೊಂಡಿರಲಿಲ್ಲ. ನನ್ನ ಜಾತಿಯವರೇ ಜಾಸ್ತಿ ಇರಬೇಕು, ನಾಳೆ ಅನ್ನುವವರು.

ಪಕ್ಕದವರು ಹಲಸಿನ ಹಪ್ಪಳ ಕಳಿಸಿದ್ದಾರೆ. ಬೇಲಿ ಬಿಗಿಸಿದ್ದಾಯಿತು. ಅಪ್‌ಡೇಟ್ 41ಕ್ಕೆ ಬಂದು ನಿಂತಿದೆ, ಬ್ಯಾಟರಿ 18.