ರವಿವಾರ ಸೂಟಿ, ಹನ್ನೊಂದನೇ ವಾರ: ಗಾಳಿಗೆ ತಿರುಗಿದ ಚಕ್ರ

ನಿನ್ನೆ ರವಿವಾರ ನಾನು ನಲ್ಲಿ ಮುಟ್ಟಲಿಲ್ಲ. ನೀರು ತಾನೇ ನೆಲದಡಿಯ ಸಂಪಿನ ತೊಟ್ಟಿಗೆ ಬಿತ್ತು. ಇಷ್ಟಕ್ಕೆ ಹನ್ನೊಂದು ವಾರ ಹಿಡಿಯಿತು.

ಹುಟ್ಟಿದಾಗಿನಿಂದ ಚರ್ಚಿಗೆ ಹೋಗುವವನೇ ನಾನು. ಆದರೆ ಆರಾಧನೆ ಮುಗಿಸಿ ಬಂದವನು ಮಧ್ಯಾಹ್ನಕ್ಕೆ ಯಾರದೋ ಇನ್ವರ್ಟರ್ ಬಿಚ್ಚಿಕೊಂಡು ಕೂತಿರುತ್ತಿದ್ದೆ. ಈಸ್ಟರ್ ಮುಗಿದ ಮೇಲೆ ರವಿವಾರದ ಕೆಲಸ ಪೂರ್ತಿ ನಿಲ್ಲಿಸಬೇಕು ಅನಿಸಿತು. ಅಂಗಡಿಗೆ ಬೀಗ, ಫೋನ್ ಕಪಾಟಿನಲ್ಲಿ, ಸಂತೆ ಶನಿವಾರವೇ. ಇವೆಲ್ಲ ಮೂರು ವಾರದಲ್ಲಿ ರೂಢಿಯಾದವು. ಸತಾಯಿಸಿದ್ದು ನೀರು.

ಬೆಳಗಾವಿಯ ಕೆಲವು ವಾರ್ಡುಗಳಿಗೆ 2008ರಿಂದಲೇ ದಿನವಿಡೀ ನೀರು. ನಮ್ಮ ಓಣಿ ಅದರಲ್ಲಿಲ್ಲ. ನಮಗೆ ಈಗ ವಾರಕ್ಕೊಂದು ಪಾಳಿ, ಅದೂ ರವಿವಾರ, ಸರಿಯಾಗಿ ಆರಾಧನೆ ಹೊತ್ತಿಗೆ. ಮೊದಲ ಹತ್ತು ನಿಮಿಷ ಬರೀ ರಾಡಿ. ಅದನ್ನು ತೆಂಗಿನ ಗಿಡಕ್ಕೆ ಬಿಟ್ಟು, ತಿಳಿಯಾದ ಮೇಲೆ ಸಂಪಿಗೆ ತಿರುಗಿಸಬೇಕು. ಅಂದರೆ ಒಬ್ಬರು ಮನೆಯಲ್ಲಿ ಇರಲೇಬೇಕು.

ಉಪಾಯ ಸುಲಭ ಅನಿಸಿತ್ತು. ಪೈಪಿಗೆ ಹರಿವು ಅಳೆಯುವ, ಒಳಗೆ ಸಣ್ಣ ಚಕ್ರ ತಿರುಗುವ ವೈಎಫ್-ಎಸ್201 ಫ್ಲೋ ಸೆನ್ಸರ್, ಮುಂದೆ ಮೂರು ದಾರಿಯ ಮೋಟಾರ್ ವಾಲ್ವ್, ನಡುವೆ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32. ನೀರು ಹರಿದ ಹತ್ತು ನಿಮಿಷಕ್ಕೆ ವಾಲ್ವ್ ತಿರುಗಬೇಕು. ವಾಲ್ವ್ ತರಿಸಿದ ಕಥೆಯೇ ಬೇರೆ. 12 ವೋಲ್ಟ್‌ದು ಕೇಳಿದ್ದೆ, 24ರದ್ದು ಬಂತು. ವಾಪಸ್ ಕಳಿಸಿದೆ. ಅದೇ ಮತ್ತೆ ಬಂತು, ಈ ಸಲ 12 ಅಂತ ಚೀಟಿ ಅಂಟಿಸಿಕೊಂಡು!

ಶನಿವಾರ ಮೇಲಿನ ಟ್ಯಾಂಕಿನಿಂದ ನೀರು ಬಿಟ್ಟು ನೋಡಿದರೆ ಎಲ್ಲ ಬರೋಬ್ಬರಿ. ರವಿವಾರ ಚರ್ಚಿನಿಂದ ಬಂದರೆ ಸಂಪು ತುಂಬ ಚಹಾ ಬಣ್ಣದ ನೀರು. ಎಷ್ಟು ಹರಿದರೆ ನೀರು ಬಂತು ಅಂತ ಲೆಕ್ಕ ಅನ್ನುವ ಮಿತಿ ಏರಿಸಿದೆ. ಮುಂದಿನ ರವಿವಾರ ಮತ್ತೆ ಚಹಾ. ಕೋಡ್ ಪೂರ್ತಿ ಹೊಸದಾಗಿ ಬರೆದೆ. ಮತ್ತೆ ಚಹಾ. ಎಲ್ಲಕ್ಕಿಂತ ದೊಡ್ಡ ಫಜೀತಿ ಏನೆಂದರೆ, ದೋಷ ಕಾಣುವುದು ರವಿವಾರ ಮಾತ್ರ, ರವಿವಾರ ನಾನು ಸ್ಕ್ರೂ ಡ್ರೈವರ್ ಹಿಡಿಯುವಂತಿಲ್ಲ. ಕೈಕಟ್ಟಿ ನಿಂತು ನೋಡುವುದು, ಸೋಮವಾರ ರಿಪೇರಿ ಮಾಡುವುದು, ಮತ್ತೆ ಆರು ದಿನ ಕಾಯುವುದು. ಐದನೇ ಪ್ರಯತ್ನದ ದಿನ ಹೊಟ್ಟೆನೋವು ಅಂತ ಹೇಳಿ ಆರಾಧನೆ ತಪ್ಪಿಸಿ ಪೈಪಿನ ಹತ್ತಿರ ಕೂತೆ. ವಿಶ್ರಾಂತಿಗೆ ಅಂತ ಮಾಡಿದ ಯಂತ್ರಕ್ಕಾಗಿ ಸುಳ್ಳು ಹೇಳಿದ್ದೆ.

ಆದರೆ ಕಳ್ಳ ಸಿಕ್ಕ. ನೀರಿಗಿಂತ ಇಪ್ಪತ್ತು ನಿಮಿಷ ಮೊದಲು ಪೈಪಿನಲ್ಲಿ ಗಾಳಿ ಬುಸುಗುಡುತ್ತ ಬರುತ್ತಿತ್ತು. ಸೆನ್ಸರಿನ ಚಕ್ರ ನೀರಿಗಿಂತ ಜೋರಾಗಿ ಗಾಳಿಗೆ ತಿರುಗುತ್ತಿತ್ತು. ಚಕ್ರ ತಿರುಗಿದಂತೆ ಸೆನ್ಸರ್ ಪಲ್ಸ್, ಅಂದರೆ ವಿದ್ಯುತ್ ಮಿಡಿತ, ಕಳಿಸುತ್ತದೆ. ಲೀಟರಿಗೆ ಸುಮಾರು 450 ಪಲ್ಸ್ ಲೆಕ್ಕ ಅಲ್ವಾ, ಆ ಪ್ರಕಾರ 900 ಲೀಟರ್ ಹರಿದಿತ್ತು. ತೆಂಗಿನ ಬುಡ ಮಾತ್ರ ಒಣ ಒಣ. ಅಂದರೆ ರಾಡಿ ಬರುವ ಮೊದಲೇ ವಾಲ್ವ್ ಸಂಪಿನ ಕಡೆ ತಿರುಗಿರುತ್ತಿತ್ತು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಗಾಳಿ ಬಕೀಟು ತುಂಬಸೂದಿಲ್ಲೋ. ಒಂದು ಬಕೀಟು ಇಡು" ಅಂದಳು.

ಸೆನ್ಸರ್ ಕಿತ್ತು ಡಬ್ಬಿಗೆ ಹಾಕಿದೆ. ಗಿಡದ ಕಡೆಯ ಪೈಪಿನ ಬಾಯಿಗೆ ಒಂದು ಬಕೆಟ್, ಅದರೊಳಗೆ ನೀರಿನ ಮೇಲೆ ತೇಲಿ ಒತ್ತುವ ಫ್ಲೋಟ್ ಸ್ವಿಚ್, ತಳದಲ್ಲಿ ಸಣ್ಣ ತೂತು. ಬಕೆಟ್ ತುಂಬಿತು ಅಂದರೆ ನಿಜವಾಗಿ ನೀರು ಬಂತು, ಅಲ್ಲಿಂದ ಹತ್ತು ನಿಮಿಷ ಎಣಿಕೆ. ವಾಲ್ವ್ ತಿರುಗಿದ ಮೇಲೆ ತೂತಿನಿಂದ ಬಕೆಟ್ ತಾನೇ ಖಾಲಿ. ತುಂಬಿದ್ದನ್ನು ಆರು ತಾಸು ನೆನಪಿಟ್ಟು ಆಮೇಲೆ ಮರೆಯುವಂತೆ ನಾಲ್ಕು ಸಾಲು ಕೋಡ್. ಮುಗಿಯಿತು.

ಇನ್ನೊಂದು ಕೆಲಸ ಮಾಡಿದೆ, ವೈಫೈ ತೆಗೆದೆ. ಇಲ್ಲದಿದ್ದರೆ ಚರ್ಚಿನಲ್ಲಿ ಪಾದ್ರಿಯ ಪ್ರಸಂಗದ ನಡುವೆ ಜೇಬಿನಲ್ಲಿ ಫೋನ್ ಗುಂಯ್ ಅನ್ನುತ್ತಿತ್ತು. ಈಗ ನೀರು ಬಂದದ್ದೂ ಮನೆಗೆ ಹೋದ ಮೇಲೆಯೇ ಗೊತ್ತು. ಶನಿವಾರ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಹಿಡಿಯುವ ಯೆಹೂದ್ಯರಲ್ಲಿ ಬಹಳ ಮಂದಿ ಅಂದು ಸ್ವಿಚ್ ಮುಟ್ಟದಿರಲು ದೀಪಕ್ಕೆ ಮೊದಲೇ ಟೈಮರ್ ಹಚ್ಚಿಡುತ್ತಾರೆ. ನನ್ನ ಬಕೆಟ್ ಅದರ ಬಡ ತಮ್ಮ.

ಬೈಬಲಿನ ಧರ್ಮೋಪದೇಶಕಾಂಡ 5:14ರಲ್ಲಿ ಆಳು, ಎತ್ತು, ಕತ್ತೆ ಎಲ್ಲಕ್ಕೂ ಆ ದಿನ ಬಿಡುವು ಕೊಡು ಅಂತಿದೆ. ವಾಲ್ವ್ ಎತ್ತಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ತಮ್ಮನ ಜೊತೆ ಅರ್ಧ ತಾಸು ವಾದ ಆಯಿತು. ಸುಮ್ನೆ ತಮಾಷೆಗೆ. ಆದರೆ ಬೀದಿ ಮೂಲೆಯಲ್ಲಿ ಉದ್ದ ಕೀಲಿ ಹಿಡಿದು ನಮ್ಮ ನೀರು ಬಿಡುವ ಕಾಕಾ ತಮಾಷೆಯಲ್ಲ. ಅವರು ರವಿವಾರ ದುಡಿದರೇ ನನಗೆ ಬಿಡುವು. "ಕಾಕಾ, ನಿಮಗ ಸೂಟಿ ಯಾವಾಗ್ರಿ?" ಅಂತ ಕೇಳಿದೆ. "ಪೈಪ್ ಒಡೆದಾಗ ಇಲ್ಲ, ಉಳಿದಾಗ ನೋಡೂಣು" ಅಂದರು. 1890ರಲ್ಲಿ ಮುಂಬೈ ಗಿರಣಿ ಕಾರ್ಮಿಕರಿಗೆ ರವಿವಾರದ ಸೂಟಿ ಸಿಕ್ಕಿದ್ದು ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆ ಅವರ ಹೋರಾಟದಿಂದ. ರವಿವಾರ ಖಂಡೋಬ ದೇವರ ವಾರ ಅನ್ನುವುದೂ ಅವರ ವಾದದಲ್ಲಿತ್ತು. ಆ ಸೂಟಿ ನಮ್ಮ ಮೂಲೆಯ ಕಾಕಾನ ತನಕ ಇನ್ನೂ ಬಂದಿಲ್ಲ. ಇದಕ್ಕೆ ನನ್ನ ಬಳಿ ಬಕೆಟ್ ಇಲ್ಲ.

ಮುಂದಿನದು ಅಡುಗೆ. ಬೈಬಲಿನಲ್ಲಿ ಇಸ್ರಾಯೇಲ್ಯರು ಆರನೇ ದಿನ ಎರಡು ಪಟ್ಟು ಮನ್ನ, ಅಂದರೆ ದೇವರು ಕೊಟ್ಟ ಆಹಾರ, ಕೂಡಿಸಿದ ಹಾಗೆ ಶನಿವಾರವೇ ಎಲ್ಲ ತಯಾರಾಗಬೇಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಚಿಂತೆಯಿಲ್ಲ. ಬಿಸಿ ಸಾರಿಗೆ ಹುಲ್ಲಿನ ಪೆಟ್ಟಿಗೆ ಮಾಡುವ ಯೋಚನೆ: ಕುದಿವ ಪಾತ್ರೆಯನ್ನು ರಾತ್ರಿ ಹುಲ್ಲಿನಲ್ಲಿ ಹುದುಗಿಸಿ ಮುಚ್ಚುವುದು. ಬೆಳಿಗ್ಗೆವರೆಗೆ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ಬೇಳೆ ಹಳಸಬಹುದು. ರವಿವಾರ ಪೇಟೆ ಅನ್ನುವ ನಮ್ಮೂರ ಮಾರುಕಟ್ಟೆಯಲ್ಲಿ ಗೋಣಿಚೀಲ ವಿಚಾರಿಸಿದ್ದೇನೆ. ಸೋಮವಾರ ಬಾ ಅಂದಿದ್ದಾರೆ.

ವಾಲ್ವಿನ ಬುಡದಲ್ಲಿ ಒಂದು ಹನಿ ಸೋರುತ್ತಿದೆ. ನಿನ್ನೆಯೇ ಕಂಡಿತ್ತು. ಕೆಳಗೆ ಒಂದು ಬಟ್ಟಲು ಇಟ್ಟು ಮಲಗಿದೆ.